ಕಾಲಿಗೆ ಪ್ಲಾಸ್ಟರ್, ಮನೆ ಮಾರಾಟಕ್ಕಿದೆ, ಅಟ್ಟ ಇನ್ನೂ ಖಾಲಿಯಾಗಿಲ್ಲ

ಶಿರಾಗೇಟ್_ಮನೆ:

ಎಲ್ಲರಿಗೂ ನಮಸ್ಕಾರ. ತುಮಕೂರಿನ ಶಿರಾ ಗೇಟ್ ಹತ್ತಿರ ನಮ್ಮದೊಂದು ಹಳೇ ಮನೆ ಇದೆ. ಅಪ್ಪ 1986ರಲ್ಲಿ ಕಟ್ಟಿಸಿದ್ದು. ಕೆಂಪು ಗಾರೆ ನೆಲ, ಎರಡು ಅಟ್ಟ, ಹಿತ್ತಿಲಲ್ಲಿ ಒಂದು ತೆಂಗಿನ ಮರ. ಮಗಳು ಬೆಂಗಳೂರಿನಲ್ಲಿದ್ದಾಳೆ, ಯಜಮಾನರೂ ದಿನಾ ಬೆಳಗಿನ ರೈಲಿಗೆ ಅಲ್ಲಿಗೇ ಹೋಗಿ ಬರುತ್ತಾರೆ. ಇನ್ನು ಸಾಕು, ಮಾರಿ ಅಲ್ಲೇ ಹೋಗಿಬಿಡೋಣ ಅಂತ ಯುಗಾದಿ ಹೊತ್ತಿಗೆ ತೀರ್ಮಾನ ಮಾಡಿದೆವು.

ಮೂರು ವಾರದ ಹಿಂದೆ ಅಟ್ಟದಿಂದ ತಾಮ್ರದ ಹಂಡೆ ಇಳಿಸುವಾಗ ಸ್ಟೂಲ್ ಜಾರಿತು. ಹಂಡೆಗೆ ಏನೂ ಆಗಲಿಲ್ಲ. ನನ್ನ ಬಲಗಾಲಿನ ಗಿಣ್ಣಿನ ಹತ್ತಿರ, ಹೊರಗಡೆಯ ಮೂಳೆ ಬಿರುಕು ಬಿಟ್ಟಿದೆ. ಆಪರೇಷನ್ ಬೇಡ ಅಂದರು, ಪುಣ್ಯ. ಆದರೆ ಮೊಣಕಾಲಿನ ಕೆಳಗಿನವರೆಗೂ ಪ್ಲಾಸ್ಟರ್, ಒಟ್ಟು 6 ವಾರ, ಕಾಲು ನೆಲಕ್ಕೆ ಊರಲೇಬಾರದು ಅಂದಿದ್ದಾರೆ. ಈಗ ಅರ್ಧ ದಾರಿ ಮುಗಿದಿದೆ.

ಕೆಲಸ ನೋಡಿದರೆ ಹಾಗೇ ಇದೆ. ಒಂದು ಅಟ್ಟ ಪೂರ್ತಿ ತುಂಬಿದೆ. ಹಿಂದಿನ ರೂಮಿನ ಗೋಡೆಯಲ್ಲಿ ತೇವ ಬಂದು ಸುಣ್ಣ ಉದುರುತ್ತಿದೆ. ಪೇಂಟ್ ಆಗಿಲ್ಲ. ಇ-ಖಾತಾ (ಪಾಲಿಕೆಯ ಆನ್‌ಲೈನ್ ಆಸ್ತಿ ದಾಖಲೆ) ಮಾಡಿಸಿಲ್ಲ. ಯಜಮಾನರು ಆರು ಗಂಟೆಗೆ ಮನೆ ಬಿಟ್ಟರೆ ರಾತ್ರಿ ಎಂಟೂವರೆಗೆ ಬರುತ್ತಾರೆ, ಬಂದವರನ್ನು ಮತ್ತೆ ಅಟ್ಟ ಹತ್ತಿಸಲು ನನಗೂ ಮನಸ್ಸು ಬರುವುದಿಲ್ಲ. ತಂಗಿ ಗುಬ್ಬಿಯಿಂದ ವಾರಕ್ಕೊಮ್ಮೆ ಬರುತ್ತಾಳೆ. ಅವಳು ಕೆಲಸ ಮಾಡುವುದನ್ನು ಕುರ್ಚಿ ಮೇಲೆ ಕೂತು ನೋಡುವುದೇ ಒಂದು ಹಿಂಸೆ. ಅಮ್ಮನ ಉಪ್ಪಿನಕಾಯಿ ಜಾಡಿ ಎತ್ತಿ "ಇದು ಹಳೇ ಸಾಮಾನಿಗೆ ಅಲ್ವಾ?" ಅನ್ನುತ್ತಾಳೆ. ಎದ್ದು ಹೋಗಿ ಕಿತ್ತುಕೊಳ್ಳೋಣ ಅಂದರೆ ಕಾಲಿಲ್ಲ.

ನಿಜವಾದ ವಿಷಯ ಇದಲ್ಲ. ಹೋದ ಭಾನುವಾರ ಒಬ್ಬರು ಮನೆ ನೋಡಲು ಬಂದಿದ್ದರು. ಗಂಡ ಹೆಂಡತಿ, ಜೊತೆಗೆ ಬ್ರೋಕರ್. ಮನೆ ನೋಡುವ ಮೊದಲು ನನ್ನ ಕಾಲು ನೋಡಿದರು. "ಏನಾಯಿತು, ಯಾವಾಗ, ಮನೆಯ ಒಳಗೇನಾ?" ಅಂತ ಕೇಳಿ ಮುಖ ಮುಖ ನೋಡಿಕೊಂಡರು. ಆಮೇಲೆ ದಿಕ್ಸೂಚಿ ತೆಗೆದು ಅಡುಗೆಮನೆ, ಸಂಪು, ಮೆಟ್ಟಿಲು ಎಲ್ಲ ಅಳೆದರು. ಹೊರಡುವಾಗ ಹೇಳಿದ ರೇಟಿಗಿಂತ 5 ಲಕ್ಷ ಕಡಿಮೆ ಕೇಳಿದರು. ಬ್ರೋಕರ್ ಬೇರೆ, "ಮೇಡಂ, ನಿಮಗೂ ಆಗುತ್ತಿಲ್ಲ, ಇನ್ನು ಹತ್ತು ದಿನಕ್ಕೆ ಆಷಾಢ, ಅಷ್ಟರಲ್ಲಿ ಅಡ್ವಾನ್ಸ್ ತಗೊಂಡುಬಿಡಿ" ಅನ್ನುತ್ತಿದ್ದಾರೆ.

ಕೊಟ್ಟುಬಿಡಲಾ? ಇಲ್ಲ ಕಾಯಲಾ? ಈ ಸ್ಥಿತಿಯಲ್ಲಿ ಮನೆ ರೆಡಿ ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಗುಬ್ಬಿ_ಸರ್ಕಲ್:

ಕೊಡಬೇಡಿ. ಮುರಿದಿರುವುದು ನಿಮ್ಮ ಕಾಲು, ಮನೆಯ ಪಾಯ ಅಲ್ಲ.

ನಾನೂ ಹೀಗೇ ಸಿಕ್ಕಿಹಾಕಿಕೊಂಡಿದ್ದೆ. ಬಟವಾಡಿಯಲ್ಲಿದ್ದ ಮನೆ ಮಾರುವಾಗ ಬೈಕಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದಿತ್ತು. ನೋವಿಗಿಂತ ದೊಡ್ಡ ತಲೆನೋವು ಸಹಿ. ಅಗ್ರಿಮೆಂಟಿಗೆ ಎಡಗೈಯಲ್ಲಿ ಸಹಿ ಹಾಕಿದರೆ ಒಂದನೇ ಕ್ಲಾಸ್ ಮಗು ಬರೆದ ಹಾಗಿತ್ತು, ಬ್ಯಾಂಕಿನವರು ಸಹಿ ಹೊಂದುವುದಿಲ್ಲ ಅಂತ ಚೆಕ್ ವಾಪಸ್ ಕಳಿಸಿದರು. ಕೊನೆಗೆ ಪ್ಲಾಸ್ಟರ್ ಬಿಚ್ಚುವ ತನಕ ಕಾದು ಎಲ್ಲ ಮುಗಿಸಿದೆ. ಕೊಂಡವರೂ ಕಾದರು. ಮನೆ ಬೇಕು ಅಂದವರು ಕಾಯುತ್ತಾರೆ. ಕಾಯದವರು ಹೇಗೂ ರಿಜಿಸ್ಟ್ರೇಷನ್ ದಿನದವರೆಗೂ ಚೌಕಾಸಿ ಮಾಡುವ ಪೈಕಿ.

ಆಷಾಢದ ಹೆದರಿಕೆ ಬ್ರೋಕರ್‌ದು, ನಿಮ್ಮದಲ್ಲ. ಆಷಾಢದಲ್ಲಿ ನಮ್ಮ ಕಡೆ ಅಡ್ವಾನ್ಸ್ ಕೊಡುವವರು ಕಡಿಮೆ, ಸರಿ. ಅಂದರೆ ನಿಮಗೆ ಯಾರ ಕಾಟವೂ ಇಲ್ಲದ ಪೂರ್ತಿ ಒಂದು ತಿಂಗಳು ಸಿಕ್ಕಿತು. ಅಷ್ಟರಲ್ಲಿ ಪ್ಲಾಸ್ಟರ್ ಬಿಚ್ಚಿರುತ್ತಾರೆ. ಶ್ರಾವಣ ಬಂತೆಂದರೆ ಮತ್ತೆ ಜನ ಬರುತ್ತಾರೆ, ಆಗ ಬಾಗಿಲು ತೆಗೆಯಲು ನಿಂತಿರುವವರು ನೀವು, ಕುರ್ಚಿ ಮೇಲೆ ಕೂತ ರೋಗಿ ಅಲ್ಲ.

ಇನ್ನೊಂದು ಮಾತು, ಪೇಂಟ್ ಮಾಡಿಸಲು ಹೋಗಬೇಡಿ. ಮೊದಲು ಆ ತೇವ ಎಲ್ಲಿಂದ ಬರುತ್ತಿದೆ ನೋಡಿಸಿ. ಹಳೇ ಮನೆಗಳಲ್ಲಿ ಮುಕ್ಕಾಲು ಪಾಲು ಟೆರೇಸಿನ ನೀರು ಹೋಗುವ ಕೊಳವೆ ಬಾಯಿಗೆ ಎಲೆ ಕಟ್ಟಿರುತ್ತದೆ, ಇಲ್ಲ ಪ್ಯಾರಾಪೆಟ್ ಸೇರುವ ಮೂಲೆಯಲ್ಲಿ ಬಿರುಕು ಇರುತ್ತದೆ. ನಿಮ್ಮ ತೆಂಗಿನ ಮರ ಟೆರೇಸ್ ಪಕ್ಕದಲ್ಲೇ ಇದ್ದರೆ ಇನ್ನೂ ಅನುಮಾನ ಜಾಸ್ತಿ. ಅದನ್ನು ಬಿಟ್ಟು ಒದ್ದೆ ಗೋಡೆಗೆ ಪುಟ್ಟಿ ಬಳಿದರೆ ಮೂರೇ ತಿಂಗಳಲ್ಲಿ ಹಪ್ಪಳದ ಹಾಗೆ ಏಳುತ್ತದೆ. ಕೊಳ್ಳುವವರೂ ಈಗ ಹುಷಾರು, ಒಂದೇ ರೂಮಿಗೆ ಮಾತ್ರ ಹೊಸ ಪೇಂಟ್ ವಾಸನೆ ಬಂದರೆ ಅಲ್ಲೇ ಬೆರಳಲ್ಲಿ ಬಡಿದು ನೋಡುತ್ತಾರೆ. ಇಲ್ಲಿ ಜನ ಕೇಳುವುದು ಹೇಮಾವತಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಸಂಪು ಎಷ್ಟು ಲೀಟರ್, ಬೋರ್ ಇದೆಯಾ. ಊರಿಗೆ ನೀರು ಕೊಡುವ ಬುಗುಡನಹಳ್ಳಿ ಕೆರೆಯಲ್ಲಿ ಎಷ್ಟು ನೀರಿದೆ ಅಂತ ಕೇಳಿದವರೂ ಇದ್ದಾರೆ. ಗೋಡೆಯ ಬಣ್ಣ ಯಾರಿಗೆ ಬೇಕು, ಅವರು ಬಂದು ಅವರಿಗೆ ಬೇಕಾದ್ದು ಬಳಿದುಕೊಳ್ಳುತ್ತಾರೆ.

ಟೊಮೇಟೊ_ಮಂಡಿ:

ಕೋಲಾರದಿಂದ. ಅಕ್ಕಾ, ಸುಮ್ನೆ 6 ವಾರ ಯಾಕೆ ಕೂರುತ್ತೀರಿ, ನಾಟಿ ವೈದ್ಯರ ಪುತ್ತೂರು ಕಟ್ಟು ಹಾಕಿಸಿಕೊಳ್ಳಿ. ನಮ್ಮ ಕಡೆ ಕೈಕಾಲು ಉಳುಕಿದರೂ ಮುರಿದರೂ ಗಾಡಿ ಹತ್ತಿ ಆಂಧ್ರದ ಪುತ್ತೂರಿಗೇ ಹೋಗುವುದು. ನಮ್ಮ ಚಿಕ್ಕಪ್ಪನಿಗೆ ಮೂರು ಕಟ್ಟಿಗೇ ಸರಿಹೋಯಿತು, ಈಗ ಟೊಮೇಟೊ ಮಂಡಿಯಲ್ಲಿ ಕ್ರೇಟ್ ಎತ್ತುತ್ತಾರೆ. ಮನೆ ವಿಷಯ ನನಗೆ ಗೊತ್ತಿಲ್ಲ.

ಫಿಸಿಯೋ_ಚಿಕ್ಕಬಳ್ಳಾಪುರ:

ಮೇಲಿನವರ ಚಿಕ್ಕಪ್ಪ ಚೆನ್ನಾಗಿರಲಿ. ಆದರೆ ಈಗಾಗಲೇ ಎಕ್ಸ್‌ರೇ ನೋಡಿ ಪ್ಲಾಸ್ಟರ್ ಹಾಕಿ ಮೂರು ವಾರ ಆಗಿರುವಾಗ ಅದನ್ನು ಬಿಚ್ಚಿ ಇನ್ನೊಂದು ಕಟ್ಟಿಗೆ ಹೋಗಬೇಡಿ. ಕೂಡಿಕೊಳ್ಳುತ್ತಿರುವ ಮೂಳೆ ಮತ್ತೆ ಜರುಗಬಹುದು. ಯಾವ ಕಟ್ಟೇ ಆಗಲಿ, ಬಿಗಿ ಜಾಸ್ತಿಯಾದರೆ ರಕ್ತ ಓಡುವುದಿಲ್ಲ. ಕಾಲ್ಬೆರಳು ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದು ಬಿಡದೇ ಇದ್ದರೆ, ಮಾತ್ರೆಗೂ ಬಗ್ಗದ ನೋವು ಬಂದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು. ಮೀನಖಂಡ ಊದಿ ನೋಯುತ್ತಿದ್ದರೂ ಅಷ್ಟೇ, ಕಾಲು ಅಲ್ಲಾಡಿಸದೆ ಇದ್ದಾಗ ಒಳಗೆ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಇರುತ್ತದೆ. ಅದರ ಜೊತೆ ಉಸಿರು ಸಿಕ್ಕಿಕೊಂಡ ಹಾಗಾದರೆ ಒಂದು ನಿಮಿಷವೂ ಕಾಯಬೇಡಿ.

ನಿಮ್ಮ ಬರಹದಲ್ಲಿ ನನಗೆ ಭಯ ಹುಟ್ಟಿಸಿದ್ದು ಅಟ್ಟ ಅಲ್ಲ, ಕೆಂಪು ಗಾರೆ ನೆಲ. ಆ ನೆಲ ಒದ್ದೆಯಾದರೆ ಊರುಗೋಲು ಐಸ್ ಮೇಲೆ ಇಟ್ಟ ಹಾಗೆ. ನೆಲ ಒರೆಸಿದ ಮೇಲೆ ಪೂರ್ತಿ ಒಣಗುವ ತನಕ ಏಳಬೇಡಿ. ಕಾಲೊರಸು ಮ್ಯಾಟುಗಳನ್ನು ಎಲ್ಲ ಬಾಗಿಲಿಂದಲೂ ತೆಗೆಸಿ. ಹೊಸ್ತಿಲ ಮೇಲಿನ ರಂಗೋಲಿ ಪುಡಿಯನ್ನೂ ಸದ್ಯಕ್ಕೆ ಬಿಡಿ, ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ. ನನ್ನ ಹತ್ತಿರ ಬಂದ ಒಬ್ಬರು ಆ ಪುಡಿಯ ಮೇಲೇ ಜಾರಿ, ಇದ್ದ ಒಂದು ಒಳ್ಳೆ ಕಾಲನ್ನೂ ಉಳುಕಿಸಿಕೊಂಡಿದ್ದರು. ಊರುಗೋಲಿನ ತುದಿಯ ರಬ್ಬರ್ ಸವೆದಿದ್ದರೆ ಬದಲಾಯಿಸಿ, ಮೆಡಿಕಲ್ ಅಂಗಡಿಯಲ್ಲೇ ಸಿಗುತ್ತದೆ. ಕಂಕುಳಕ್ಕೂ ಗೋಲಿಗೂ ಮಧ್ಯೆ ಎರಡು ಮೂರು ಬೆರಳು ಜಾಗ ಇರಲಿ. ಭಾರ ಕೈ ಮೇಲೆ ಬೀಳಬೇಕು, ಕಂಕುಳಿನ ಮೇಲೆ ಬಿದ್ದರೆ ನರ ಒತ್ತಿ ಕೈ ಜೋಮು ಹಿಡಿಯುತ್ತದೆ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಗೋಲು ಮತ್ತು ಪೆಟ್ಟಾದ ಕಾಲು ಮೊದಲು. ನಿಮ್ಮ ಹೊಸ್ತಿಲಿಗೂ ಇದೇ ಲೆಕ್ಕ.

ಕೂತಾಗ ಕಾಲು ಕೆಳಗೆ ನೇತಾಡಬಾರದು. ಮಲಗಿದಾಗ ದಿಂಬು ಕೊಟ್ಟು ಎದೆಯ ಮಟ್ಟಕ್ಕಿಂತ ಮೇಲೆ ಇಟ್ಟರೆ ಊತ ಬೇಗ ಇಳಿಯುತ್ತದೆ. ಒಳಗೆ ನವೆಯಾದರೆ ಸ್ಕೇಲು, ಹೆಣಿಗೆ ಕಡ್ಡಿ ತೂರಿಸಬೇಡಿ (ಎಲ್ಲರೂ ತೂರಿಸುತ್ತಾರೆ, ನನಗೆ ಗೊತ್ತು). ಗಾಯವಾದರೆ ಒಳಗೇ ಕೀವಾಗುತ್ತದೆ. ಸಕ್ಕರೆ ಕಾಯಿಲೆ ಇದ್ದರಂತೂ ಇನ್ನೂ ಹುಷಾರು, ಮೂಳೆ ಕೂಡುವುದೂ ನಿಧಾನ. ಊಟಕ್ಕೆ ಮುದ್ದೆ ಬಿಡಬೇಡಿ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ.

ಶಿರಾಗೇಟ್_ಮನೆ:

ಹೆಣಿಗೆ ಕಡ್ಡಿ ವಿಷಯ ಹೇಗೆ ಗೊತ್ತಾಯಿತು ನಿಮಗೆ! ಇವತ್ತೇ ಬೀರುವಿಗೆ ಹಾಕಿಸಿದೆ.

ಟೆರೇಸಿಗೆ ಪಕ್ಕದ ಮನೆ ಹುಡುಗನನ್ನು ಹತ್ತಿಸಿ ಫೋನಲ್ಲಿ ವಿಡಿಯೋ ಕಾಲ್ ಮಾಡಿಸಿದೆ. ಗುಬ್ಬಿ_ಸರ್ಕಲ್ ಅವರು ಹೇಳಿದ ಹಾಗೇ ಕೊಳವೆ ಬಾಯಲ್ಲಿ ತೆಂಗಿನ ಗರಿಯ ಚೂರು, ಒಂದು ಕ್ರಿಕೆಟ್ ಚೆಂಡು. ಚೆಂಡು ಅವನದೇ ಅಂತೆ, ಎರಡು ವರ್ಷದಿಂದ ಹುಡುಕುತ್ತಿದ್ದನಂತೆ.

ಕಾಯುವುದು ಅಂತ ಯಜಮಾನರೂ ಒಪ್ಪಿದರು. ಈಗ ಕಾಗದಪತ್ರದ ಚಿಂತೆ. ಅಪ್ಪ ಇದ್ದಾಗಲೇ 2009ರಲ್ಲಿ ನನ್ನ ಹೆಸರಿಗೆ ಗಿಫ್ಟ್ ಡೀಡ್ ರಿಜಿಸ್ಟರ್ ಮಾಡಿಸಿದ್ದರು. ಬ್ರೋಕರ್ "ಜಿಪಿಎ ನನ್ನ ಹೆಸರಿಗೆ ಕೊಡಿ ಮೇಡಂ, ನೀವು ಅಲೆಯುವುದು ಬೇಡ" ಅನ್ನುತ್ತಾರೆ. ನನ್ನ ಪರವಾಗಿ ಸಹಿ ಹಾಕುವ ಅಧಿಕಾರ ಪತ್ರವಂತೆ ಅದು. ಕೊಡಬಹುದಾ?

ಛಾಪಾ_ಕಾಗದ:

ಬ್ರೋಕರ್ ಹೆಸರಿಗೆ ಜಿಪಿಎ? ಖಂಡಿತ ಬೇಡ. ಇಪ್ಪತ್ತು ವರ್ಷ ಆಸ್ತಿ ಪತ್ರ ಬರೆದ ಅನುಭವದಲ್ಲಿ ಹೇಳುತ್ತಿದ್ದೇನೆ. ಕೊಡಲೇಬೇಕಾದರೆ ಯಜಮಾನರಿಗೋ ತಂಗಿಗೋ ಕೊಡಿ, ರಿಜಿಸ್ಟರ್ ಮಾಡಿಸಿ, ಯಾವ ಮನೆ, ಏನೇನು ಮಾಡಬಹುದು ಅಂತ ಸ್ಪಷ್ಟವಾಗಿ ಬರೆಸಿ. ಬರೀ ಜಿಪಿಎ ಮೇಲೆ ಮನೆ ಕೈ ಬದಲಾಯಿಸುವುದು ಮಾರಾಟವೇ ಅಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಜಿಪಿಎ ಇದ್ದರೂ ಕೊನೆಗೆ ಕ್ರಯಪತ್ರ ಆಗಲೇಬೇಕು.

ನಿಮ್ಮ ಕೇಸಲ್ಲಿ ಅದೂ ಬೇಕಾಗಿಲ್ಲ, ಶ್ರಾವಣದ ಹೊತ್ತಿಗೆ ನೀವೇ ನಡೆದು ಹೋಗುತ್ತೀರಿ. ಅಕಸ್ಮಾತ್ ಆಗದಿದ್ದರೂ ದಾರಿ ಇದೆ. 1908ರ ನೋಂದಣಿ ಕಾಯ್ದೆಯಲ್ಲಿ 31 ಮತ್ತು 38ನೇ ಸೆಕ್ಷನ್ ನೋಡಿ. ಕಾಯಿಲೆ, ಅಂಗಬಾಧೆಯಿಂದ ಕಚೇರಿಗೆ ಬರಲು ಆಗದವರಿದ್ದರೆ ಸಬ್ ರಿಜಿಸ್ಟ್ರಾರ್ ಮನೆಗೇ ಬರಬಹುದು, ಇಲ್ಲ ಯಾರನ್ನಾದರೂ ಕಳಿಸಬಹುದು. ಅರ್ಜಿ, ಡಾಕ್ಟರ್ ಸರ್ಟಿಫಿಕೇಟ್ ಕೊಟ್ಟು, ಫೀಸು ಕಟ್ಟಬೇಕು. ಹಾಸಿಗೆ ಹಿಡಿದ ವಯಸ್ಸಾದವರಿಗೆ ಇದನ್ನೇ ಮಾಡಿಸುತ್ತಾರೆ. ಬ್ರೋಕರ್‌ಗಳು ಇದನ್ನು ಹೇಳುವುದಿಲ್ಲ.

ಈ ಒಂದು ತಿಂಗಳು ಕಾಲು ದಿಂಬಿನ ಮೇಲೆ ಇಟ್ಟುಕೊಂಡೇ ಮಾಡುವ ಕೆಲಸ ಇ-ಖಾತಾ. ಅದಿಲ್ಲದೆ ಈಗ ರಿಜಿಸ್ಟ್ರೇಷನ್ ಮುಂದಕ್ಕೇ ಹೋಗುವುದಿಲ್ಲ. ಗಿಫ್ಟ್ ಡೀಡ್ ಕಾಪಿ, ಕಂದಾಯದ ರಸೀದಿ, ಇಸಿ (ಆಸ್ತಿ ಮೇಲಿನ ಸಾಲ, ವ್ಯವಹಾರ ತೋರಿಸುವ ಋಣಭಾರ ಪತ್ರ), ಆಧಾರ್, ನಿಮ್ಮ ಫೋಟೊ, ಮನೆಯ ಫೋಟೊ ಒಂದು ಕವರಿನಲ್ಲಿ ಹಾಕಿಡಿ. ಇಸಿಯನ್ನು ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಲ್ಲೇ ತೆಗೆಯಬಹುದು, 2009ರ ಡೀಡ್ ಆದ್ದರಿಂದ ಆನ್‌ಲೈನಲ್ಲೇ ಕಾಣಬೇಕು. ಕೊಳ್ಳುವವರ ವಕೀಲರು 30 ವರ್ಷದ್ದು ಕೇಳಿದರೆ ಹಳೆಯದಕ್ಕೆ ಯಾರನ್ನಾದರೂ ಕಚೇರಿಗೆ ಕಳಿಸಬೇಕಾಗಬಹುದು. ಡೀಡಲ್ಲಿರುವ ಅಳತೆ, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ), ನಿಮ್ಮ ಹೆಸರಿನ ಅಕ್ಷರ ಮೂರನ್ನೂ ಖಾತಾ ಜೊತೆ ಹೋಲಿಸಿ ನೋಡಿ. ಒಂದು ಇನಿಷಿಯಲ್ ತಪ್ಪಿದ್ದಕ್ಕೆ ಎರಡು ತಿಂಗಳು ಅಲೆದವರನ್ನು ನೋಡಿದ್ದೇನೆ, ಅವರ ಕಾಲು ಎರಡೂ ಚೆನ್ನಾಗೇ ಇದ್ದವು.

ಕ್ಯಾತ್ಸಂದ್ರ_ಅಜ್ಜಿಮನೆ:

ಕಾಗದ, ಕಾಲು ಎಲ್ಲ ಸರಿ. ಆ ಉಪ್ಪಿನಕಾಯಿ ಜಾಡಿ ಏನಾಯಿತು?

ನಾನು ಹೋದ ವರ್ಷ ನಮ್ಮ ಅಜ್ಜಿ ಮನೆ ಖಾಲಿ ಮಾಡಿದೆ, ಆಗ ನನಗೆ ಬೆನ್ನುನೋವು, ಒಂದು ಕೊಡ ಎತ್ತುವ ಹಾಗಿರಲಿಲ್ಲ. ಪಾತ್ರೆ ಎಲ್ಲ ಬೇರೆಯವರು ಎತ್ತಿಹಾಕುತ್ತಿದ್ದರೆ ಹೊಟ್ಟೆಯಲ್ಲಿ ಸಂಕಟ. ಆಮೇಲೆ ಒಂದು ಉಪಾಯ ಮಾಡಿದೆ. ಅಟ್ಟದಿಂದ ಇಳಿದ ಪ್ರತಿಯೊಂದು ಸಾಮಾನೂ ಮೊದಲು ನನ್ನ ಮಡಿಲಿಗೆ ಬರಬೇಕು, ನಾನು ಒಂದು ಸಲ ಒರೆಸಿ ಕೊಟ್ಟ ಮೇಲೇ ಎಲ್ಲಿಗಾದರೂ ಹೋಗಲಿ ಅಂದೆ. ಕೆಲಸ ನಿಧಾನವಾಯಿತು, ತಮ್ಮ ಬೈದ. ಬೈಯಲಿ. ಒರೆಸುವಾಗ ಅರ್ಧ ಸಾಮಾನು ಕೊಡಬಹುದು ಅಂತ ನನಗೇ ಅನ್ನಿಸಿತು. ತಾಮ್ರ, ಹಿತ್ತಾಳೆ ಮಾತ್ರ ಗುಜರಿಯವನಿಗೆ ಕೊಡಬೇಡಿ, ಪಾತ್ರೆ ಅಂಗಡಿಯಲ್ಲಿ ತೂಕ ಹಾಕಿಸಿ ರೇಟ್ ಕೇಳಿ. ಪಾತ್ರೆ ಮೇಲೆ ಹೆಸರು ಕೊರೆಸಿದ್ದರೆ ಫೋಟೊ ತೆಗೆದಿಟ್ಟುಕೊಳ್ಳಿ.

ಶಿರಾಗೇಟ್_ಮನೆ:

ಹೋದ ಸಲ ಬರೆದು ಏಳು ವಾರ ಆದ ಮೇಲೆ ಬರೆಯುತ್ತಿದ್ದೇನೆ, ತಡವಾಯಿತು.

ಪ್ಲಾಸ್ಟರ್ ಬಿಚ್ಚಿದರು. ಕಾಲು ಒಣಗಿದ ನುಗ್ಗೆಕಾಯಿ ಆಗಿತ್ತು, ನನ್ನದೇ ಅಂತ ನಂಬಲು ಆಗಲಿಲ್ಲ. ಮೊದಲ ವಾರ ಗಿಣ್ಣು ಬಗ್ಗುತ್ತಲೇ ಇರಲಿಲ್ಲ, ವ್ಯಾಯಾಮ ಹೇಳಿಕೊಟ್ಟರು, ಈಗ ಒಂದು ಕೋಲು ಹಿಡಿದು ಗೇಟಿನ ತನಕ ಹೋಗಿಬರುತ್ತೇನೆ. ಸಂಜೆ ಹೊತ್ತಿಗೆ ಊತ ಇದೆ. ಇ-ಖಾತಾ ಬಂತು, ತಂಗಿ ಎರಡು ಸಲ ಪಾಲಿಕೆಗೆ ಹೋಗಿಬಂದಳು. ಹಿಂದಿನ ಗೋಡೆ ಒಣಗಿದೆ, ಪೇಂಟ್ ಮಾಡಿಸಿಲ್ಲ, ಸುಣ್ಣ ಕೆರೆದು ಹಾಗೇ ಬಿಟ್ಟಿದ್ದೇವೆ. ಕೇಳಿದವರಿಗೆ ಚೆಂಡಿನ ಕಥೆ ಸಮೇತ ಹೇಳುತ್ತೇನೆ.

ಆ 5 ಲಕ್ಷ ಕಡಿಮೆ ಕೇಳಿದವರು ಶ್ರಾವಣ ಶುರುವಾದ ಮೇಲೆ ಮತ್ತೆ ಫೋನ್ ಮಾಡಿದ್ದರು. ಈ ಸಲ 2 ಲಕ್ಷ ಕಡಿಮೆ. ಇನ್ನಿಬ್ಬರು ನೋಡಿ ಹೋಗಿದ್ದಾರೆ, ಏನೂ ಗಟ್ಟಿಯಾಗಿಲ್ಲ. ಬಾಗಿಲು ನಾನೇ ತೆಗೆದೆ. ಕೋಲನ್ನು ಬಾಗಿಲ ಹಿಂದೆ ಇಟ್ಟಿದ್ದೆ, ಸುಳ್ಳು ಯಾಕೆ ಹೇಳಲಿ.

ಸಾಮಾನು ಮಡಿಲಿಗೆ ಹಾಕಿಸಿಕೊಂಡು ಒರೆಸಿದೆ. ತಂಗಿ ಬೈದಳು. ಜಾಡಿ ಕೊನೆಗೆ ಅವಳೇ ಗುಬ್ಬಿಗೆ ತಗೊಂಡು ಹೋದಳು, ಈ ಸಲ ಮಾವಿನಕಾಯಿ ಹಾಕುತ್ತಾಳಂತೆ. ಹಂಡೆ ಮಾತ್ರ ಇನ್ನೂ ನಡುಮನೆಯಲ್ಲೇ ಕೂತಿದೆ. ಮಗಳ ಫ್ಲ್ಯಾಟಿನಲ್ಲಿ ಅಟ್ಟವೂ ಇಲ್ಲ, ಬಚ್ಚಲೊಲೆಯೂ ಇಲ್ಲ. ತುಮಕೂರಿನಲ್ಲಿ ಯಾರಾದರೂ ನೀರು ಕಾಯಿಸಲು ನಿಜವಾಗಿ ಬಳಸುವವರು ಇದ್ದರೆ ಹೇಳಿ, ದುಡ್ಡು ಬೇಡ. ಎತ್ತಿಕೊಂಡು ಹೋಗಲು ಇಬ್ಬರು ಬನ್ನಿ.

ಗುಬ್ಬಿ_ಸರ್ಕಲ್:

ಎಷ್ಟು ಕೊಡ ಹಿಡಿಯುತ್ತೆ?