ರಾತ್ರಿ ಬಾಗಿಲು ತಟ್ಟುವ ಪೊಲೀಸರು: ದೂರಿನಲ್ಲಿ ಏನೆಂದು ಬರೆಯಬೇಕು?

ಪ್ರಶ್ನೆ (ಕೇರಳದ ಮಂಜೇಶ್ವರದಿಂದ)
ಹಳೆಯ ಪ್ರಕರಣಗಳ ಕಾರಣದಿಂದ ಠಾಣೆಯಲ್ಲಿ ಹಿಸ್ಟರಿ ಶೀಟ್ (ಅಪರಾಧ ಹಿನ್ನೆಲೆಯವರ ಬಗ್ಗೆ ಪೊಲೀಸರು ಇಡುವ ಕಡತ) ಇರುವ ನನ್ನ ಭಾವನ ಮನೆಗೆ ಪೊಲೀಸರು ನಡುರಾತ್ರಿ ಬಂದು ಬಾಗಿಲು ತಟ್ಟುತ್ತಾರೆ. ಅಕ್ಕನೂ ಮಕ್ಕಳೂ ಹೆದರಿಹೋಗಿದ್ದಾರೆ. ಕಾರಣ ಕೇಳಿದರೆ ಮಲಯಾಳದಲ್ಲಿ ‘ನಿರೀಕ್ಷಣಂ’, ಅಂದರೆ ಒಬ್ಬರ ಮೇಲೆ ಕಣ್ಣಿಡುವುದು, ಎನ್ನುತ್ತಾರೆ. ಮೇಲಧಿಕಾರಿಗಳಿಗೆ ಕನ್ನಡದಲ್ಲಿ ದೂರು ಬರೆಯುವಾಗ ಇದನ್ನು ನಿಗಾ ಎನ್ನಬೇಕೇ, ಕಣ್ಗಾವಲು ಎನ್ನಬೇಕೇ, ಗಸ್ತು ಎನ್ನಬೇಕೇ?

ಉತ್ತರ 1 (ಕುಂಬಳೆಯಿಂದ)
ಮಲಯಾಳದ ಪದವನ್ನು ಹಾಗೆಯೇ ಇಳಿಸಬೇಡಿ. ‘ಪೊಲೀಸರ ನಿರೀಕ್ಷಣೆಯಲ್ಲಿದ್ದಾರೆ’ ಎಂದು ಬರೆದರೆ ನಿಮ್ಮ ಭಾವ ಪೊಲೀಸರ ಬರವಿಗಾಗಿ ಕಾಯುತ್ತಿದ್ದಾರೆಂದು ಕನ್ನಡ ಬಲ್ಲವರು ತಿಳಿದಾರು. ಗಸ್ತು ಎಂಬುದು ಊರಿನ ಬೀದಿಗಳಲ್ಲಿ ತಿರುಗುವ ಕಾವಲು, ಒಬ್ಬರ ಬೆನ್ನು ಹತ್ತುವುದಲ್ಲ. ‘ನಿಗಾ’ ಸಾಕು.

ಉತ್ತರ 2 (ಕಾಸರಗೋಡಿನಿಂದ)
ನಿಗಾ ಎಂದಷ್ಟೇ ಬರೆದರೆ ದೂರಿನ ಬಲ ಕುಗ್ಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ನಿಗಾ ಇಡಲು ಪೊಲೀಸರಿಗೆ ಅಧಿಕಾರವಿದೆ. 1962ರ ಖರಕ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದಿದ್ದ ಉತ್ತರ ಪ್ರದೇಶದ ಪೊಲೀಸ್ ನಿಯಮವು ಮನೆಯ ಸುತ್ತ ಗುಟ್ಟಾಗಿ ಕಾವಲಿರುವುದು, ರಾತ್ರಿ ಮನೆಗೆ ಹೋಗುವುದು, ಓಡಾಟದ ವರದಿ ಕಳುಹಿಸುವುದು ಮುಂತಾದ ಹಲವು ಕೆಲಸಗಳನ್ನು ನಿಗಾ ಎಂಬ ಒಂದೇ ಹೆಸರಿನಡಿ ಸೇರಿಸಿತ್ತು. ನ್ಯಾಯಾಲಯ ಅಂದು ರದ್ದುಗೊಳಿಸಿದ್ದು ಅವುಗಳಲ್ಲಿ ರಾತ್ರಿಯ ಭೇಟಿಯೊಂದನ್ನೇ. ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಲು 2017ರ ಪುಟ್ಟಸ್ವಾಮಿ ತೀರ್ಪಿನವರೆಗೆ ಕಾಯಬೇಕಾಯಿತು. ನಮ್ಮ ರಾಜ್ಯದ ಪೊಲೀಸ್ ಕೈಪಿಡಿಯೂ ಇಂಥವರ ಮೇಲೆ ಅನೌಪಚಾರಿಕ ನಿಗಾ ಅಥವಾ ನಿಕಟ ನಿಗಾ ಇಡಬಹುದೆನ್ನುತ್ತದೆಯೇ ಹೊರತು ಮನೆಯ ಬಾಗಿಲು ತಟ್ಟಲು ಹೇಳುವುದಿಲ್ಲ. ನಿಗಾದ ನೆಪದಲ್ಲಿ ಹಿಸ್ಟರಿ ಶೀಟ್ ಇರುವವರ ಬಾಗಿಲನ್ನು ರಾತ್ರಿ ತಟ್ಟುವಂತಿಲ್ಲ, ಒಳನುಗ್ಗುವಂತಿಲ್ಲ ಎಂದು ಕೇರಳ ಹೈಕೋರ್ಟು 2025ರಲ್ಲಿ ಸ್ಪಷ್ಟವಾಗಿ ತೀರ್ಪು ನೀಡಿದೆ. ಆದ್ದರಿಂದ ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಮಂದಿ ಬಂದರು, ಸಮವಸ್ತ್ರದಲ್ಲಿದ್ದರೋ ಮಫ್ತಿಯಲ್ಲಿದ್ದರೋ, ಒಳಗೆ ಕಾಲಿಟ್ಟರೋ ಎಂಬುದನ್ನು ಬರೆಯಿರಿ. ವಾರಂಟು ಹಿಡಿದು ಬಂದಿದ್ದರೆ ಮಾತ್ರ ವಿಷಯ ಬೇರೆ.

ಪ್ರಶ್ನೆ ಕೇಳಿದವರು
ವಾರಂಟು ತೋರಿಸಿಲ್ಲ. ಈಗ ಯಾವ ಪ್ರಕರಣವೂ ಬಾಕಿಯಿಲ್ಲ. ಕನ್ನಡದ ದೂರನ್ನು ಹಿಂದಿರುಗಿಸಿದರೆ?

ಉತ್ತರ 3 (ಬದಿಯಡ್ಕದಿಂದ)
ಹಿಂದಿರುಗಿಸುವಂತಿಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯ ಪ್ರಕಾರ ಇಲ್ಲಿನ ಕನ್ನಡಿಗರು ಸ್ಥಳೀಯ ಕಚೇರಿಗಳೊಂದಿಗೆ ಕನ್ನಡದಲ್ಲೇ ಪತ್ರ ವ್ಯವಹಾರ ನಡೆಸಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ದೂರಿನ ಮೊದಲ ಸಾಲಿನಲ್ಲೇ ಇದನ್ನು ಉಲ್ಲೇಖಿಸಿ, ಸ್ವೀಕೃತಿ ಪಡೆದೇ ಕಚೇರಿಯಿಂದ ಹೊರಡಿ.