ಸೆಕೆಂಡ್ ಹ್ಯಾಂಡ್ ಕಾರ್ ಯಾರ್ಡ್‌ಗೆ ಗಾಡಿ ತೊಳೆಯಲು, ನೋಡಿಕೊಳ್ಳಲು ಜನ ಬೇಕು: ಅನುಭವ ಇದ್ದವರು ಹೇಳಿ

ಕೇಳಿದವರು, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಹೊಸಪೇಟೆ ರಸ್ತೆಯಲ್ಲಿ ನಮ್ಮದು ಹಳೆ ಕಾರುಗಳ ಸಣ್ಣ ಯಾರ್ಡ್. ಒಟ್ಟು 22 ಗಾಡಿ ನಿಲ್ಲುತ್ತವೆ. ಇಲ್ಲಿಯ ಧೂಳು ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ತೊಳೆದ ಬಿಳಿ ಕಾರು ಸಂಜೆ ಹೊತ್ತಿಗೆ ಕೆಂಪಾಗಿರುತ್ತೆ. ಇಷ್ಟು ದಿನ ನಾನು, ನನ್ನ ತಮ್ಮ ಸೇರಿ ಮಾಡಿಕೊಳ್ಳುತ್ತಿದ್ದೆವು. ಈಗ ಆಗುತ್ತಿಲ್ಲ. ಗಾಡಿ ತೊಳೆಯಲು, ಒಳಗೆ ವ್ಯಾಕ್ಯೂಮ್ ಹಾಕಲು, ಗಾಡಿಗಳನ್ನು ಆಚೆ ಈಚೆ ತೆಗೆದು ನಿಲ್ಲಿಸಲು ಒಬ್ಬರು ಬೇಕು.

ಎಂಟು ತಿಂಗಳಲ್ಲಿ ಮೂವರು ಬಂದು ಹೋದರು. ಒಬ್ಬ ಮೂರನೇ ದಿನವೇ ನಾಪತ್ತೆ. ಇನ್ನೊಬ್ಬ ಯುಗಾದಿಗೆ ಅಡ್ವಾನ್ಸ್ ತಗೊಂಡು ಊರಿಗೆ ಹೋದವನು ಫೋನ್ ಎತ್ತಲಿಲ್ಲ. ಮೂರನೆಯವನು ಒಳ್ಳೆಯ ಕೆಲಸಗಾರ. ಆದರೆ ರಿವರ್ಸ್ ತೆಗೆಯುವಾಗ ಹಿಂದಿನ ಕಾರಿಗೆ ತಾಗಿಸಿ ಬಂಪರ್ ಒಡೆದ. ನಾನು ಜೋರಾಗಿ ಬೈದೆ. ಮರುದಿನ ಬರಲಿಲ್ಲ. ಎಂಥವರನ್ನು ನೋಡಬೇಕು, ಎಲ್ಲಿ ಹುಡುಕಬೇಕು, ಬಂದವರು ಉಳಿಯಲು ಏನು ಮಾಡಬೇಕು? ದಯವಿಟ್ಟು ನಿಮ್ಮ ಅನುಭವ ಹೇಳಿ.

ಹಳೆ ಕಾರುಗಳ ವ್ಯಾಪಾರಿ, ಬಳ್ಳಾರಿ

ಸರ್, ನಾನು 11 ವರ್ಷದಿಂದ ಇದೇ ವ್ಯಾಪಾರದಲ್ಲಿದ್ದೇನೆ. ಮೊದಲ ಎರಡು ವರ್ಷ ನಿಮ್ಮ ಹಾಗೇ ಒದ್ದಾಡಿದೆ.

ಮೊದಲು ನಿಮ್ಮ ಬೋರ್ಡ್‌ನಲ್ಲಿ ಏನು ಬರೆಸಿದ್ದೀರಿ ನೋಡಿ. ನಾನು 'ಕ್ಲೀನರ್ ಬೇಕಾಗಿದ್ದಾರೆ' ಅಂತ ಬರೆಸಿದ್ದೆ. ನಮ್ಮ ಕಡೆ ಕ್ಲೀನರ್ ಅಂದರೆ ಲಾರಿ ಕ್ಲೀನರ್ ಅಲ್ವಾ? ಸಂಡೂರು ಕಡೆ ಅದಿರು ಲಾರಿಯಲ್ಲಿ ಓಡಾಡಿದವರೇ ಬಂದರು. ಅವರ ಲೆಕ್ಕ ಬೇರೆ. ಟ್ರಿಪ್‌ಗೆ ಇಷ್ಟು ಅಂತ ಬತ್ತಾ ಇರುತ್ತೆ, ಊಟ ಡ್ರೈವರ್ ಜೊತೆ ಆಗುತ್ತೆ, ನಾಲ್ಕು ವರ್ಷ ಕಳೆದರೆ ಸ್ಟೇರಿಂಗ್ ಕೈಗೆ ಸಿಗುತ್ತೆ ಅನ್ನೋ ಆಸೆ ಇರುತ್ತೆ. ಒಂದೇ ಜಾಗದಲ್ಲಿ ದಿನವಿಡೀ ಬಟ್ಟೆ ಹಿಡಿದು ನಿಲ್ಲುವುದು ಅವರಿಗೆ ಒಗ್ಗಲ್ಲ. ಅವರ ತಪ್ಪಲ್ಲ, ನಾನು ಕರೆದದ್ದೇ ತಪ್ಪು ಹೆಸರಿನಿಂದ. ಆಮೇಲೆ ಬದಲಿಸಿದೆ. 'ಕಾರು ತೊಳೆಯಲು ಮತ್ತು ಯಾರ್ಡ್ ನೋಡಿಕೊಳ್ಳಲು ಒಬ್ಬರು ಬೇಕು. ಕಾರ್ ಲೈಸೆನ್ಸ್ ಇರಬೇಕು. ವಾರಕ್ಕೆ ಒಂದು ರಜೆ.' ಕೆಳಗೆ ಸಂಬಳವನ್ನೂ ಬರೆಸಿದೆ. ಬರುವವರ ಸಂಖ್ಯೆ ಕಡಿಮೆಯಾಯಿತು, ಆದರೆ ಬಂದವರೆಲ್ಲ ಕೆಲಸ ಏನು ಅಂತ ತಿಳಿದೇ ಬಂದರು.

ಆಮೇಲೆ ಒಂದು ದಿನ ಕೆಲಸ ಮಾಡಿಸಿ ನೋಡಿ. ಪುಕ್ಕಟೆ ಅಲ್ಲ, ಆ ದಿನದ ಕೂಲಿ ಸಂಜೆ ಕೈಗೆ ಕೊಡಿ. ನಾನು ಮಾಡುವುದು ಇಷ್ಟೇ. ಧೂಳು ಹಿಡಿದ ಒಂದು ಕಾರು ಕೊಡುತ್ತೇನೆ, ಎರಡು ಬಕೆಟ್, ಪೈಪ್, ಶಾಂಪೂ, ನಾಲ್ಕೈದು ಬಟ್ಟೆ. ಏನೂ ಹೇಳದೆ ದೂರ ಕೂತು ನೋಡುತ್ತೇನೆ. ನಮ್ಮ ಈ ಕೆಂಪು ಧೂಳಿನಲ್ಲಿ ಕಬ್ಬಿಣದ ಅದಿರಿನ ಪುಡಿ ಇರುತ್ತೆ. ಒಣ ಬಟ್ಟೆಯಲ್ಲಿ ಉಜ್ಜಿದರೆ ಸ್ಯಾಂಡ್ ಪೇಪರ್ ಹಿಡಿದು ತಿಕ್ಕಿದ ಹಾಗೆ. ಅವತ್ತು ಗೊತ್ತಾಗಲ್ಲ. ಒಂದು ತಿಂಗಳ ನಂತರ ಗಿರಾಕಿ ಬಿಸಿಲಲ್ಲಿ ನಿಂತು ನೋಡಿದಾಗ ಬಾನೆಟ್ ತುಂಬ ಜೇಡರ ಬಲೆ ಥರ ಗೀರು ಕಾಣುತ್ತವೆ. ಕಪ್ಪು ಕಾರಾದರೆ ಕೇಳಲೇಬೇಡಿ.

ಈಗ ನಮ್ಮಲ್ಲಿರುವವರು ಅವತ್ತು ಬಂದ ನಾಲ್ವರಲ್ಲಿ ಒಬ್ಬರು. ಮೊದಲು ಟಾಪ್ ಮೇಲಿಂದ ನೀರು ಬಿಟ್ಟು ಧೂಳು ಇಳಿಸಿದರು. ಚಕ್ರಕ್ಕೆ ಬೇರೆ ಬಟ್ಟೆ ತಗೊಂಡರು. ನಡುವೆ ಕೈಯಲ್ಲಿದ್ದ ಬಟ್ಟೆ ನೆಲಕ್ಕೆ ಬಿತ್ತು. ಎತ್ತಿ ಒದರಿ ಮತ್ತೆ ಬಾನೆಟ್ ಮೇಲೆ ಇಡಲಿಲ್ಲ. ಅದನ್ನು ಚಕ್ರದ ಬಟ್ಟೆಗಳ ಜೊತೆ ಎಸೆದು, ಹೊಸದೊಂದು ತಗೊಂಡರು. ಯಾರೂ ನೋಡುತ್ತಿಲ್ಲ ಅಂತಲೇ ಅವರು ಅಂದುಕೊಂಡಿದ್ದರು. ನಾನು ಅವತ್ತೇ ಹೂಂ ಅಂದೆ. ಆರು ವರ್ಷ ಆಯಿತು, ಇನ್ನೂ ನಮ್ಮಲ್ಲೇ ಇದ್ದಾರೆ.

ನಂಬಿಕೆ ಬಗ್ಗೆ ಒಂದು ಮಾತು. ಸೀಟಿನ ಕೆಳಗೆ ಬೇಕಂತಲೇ ನೂರು ರೂಪಾಯಿ ಇಟ್ಟು ಪರೀಕ್ಷೆ ಮಾಡುವವರಿದ್ದಾರೆ. ನಾನು ಮಾಡಲ್ಲ, ನೀವೂ ಮಾಡಬೇಡಿ. ಗೊತ್ತಾದರೆ ಮನುಷ್ಯನ ಮನಸ್ಸು ಮುರಿಯುತ್ತೆ. ಅದರ ಬದಲು ಒಂದು ನೋಟ್‌ಬುಕ್ ಇಡಿ. ಹಳೆ ಕಾರುಗಳಲ್ಲಿ ಏನಾದರೂ ಸಿಗುತ್ತಲೇ ಇರುತ್ತೆ. ನಮ್ಮಲ್ಲಿ ಒಮ್ಮೆ ಹಿಂದಿನ ಸೀಟಿನ ಸಂದಿಯಲ್ಲಿ ಮಗುವಿನ ಬೆಳ್ಳಿ ಕಾಲ್ಗೆಜ್ಜೆ ಸಿಕ್ಕಿತು. ಗಾಡಿ ನಂಬರ್, ತಾರೀಕು, ಸಿಕ್ಕಿದ್ದೇನು ಅಂತ ಬರೆದು ನನ್ನ ಟೇಬಲ್ ಮೇಲೆ ಇಟ್ಟರು. ಮಾರಿದವರಿಗೆ ಫೋನ್ ಮಾಡಿ ಕೊಟ್ಟೆವು. ಆಧಾರ್ ಪ್ರತಿ ಇಟ್ಟುಕೊಳ್ಳಿ. ಪೊಲೀಸ್ ವೆರಿಫಿಕೇಶನ್‌ಗೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬಹುದು, ಆದರೆ ಅವರಿಗೆ ಮೊದಲೇ ಹೇಳಿ ಮಾಡಿಸಿ.

ಬರೀ ತೊಳೆಯುವುದೇ ಕೆಲಸ ಅಂದುಕೊಳ್ಳಬೇಡಿ. ಯಾರ್ಡ್ ನೋಡಿಕೊಳ್ಳುವುದು ಇನ್ನೂ ದೊಡ್ಡದು. ನಿಂತ ಗಾಡಿಯ ಬ್ಯಾಟರಿ ಇಳಿಯುತ್ತೆ. ಟಯರ್ ಒಂದೇ ಕಡೆ ಕೂತು ಚಪ್ಪಟೆ ಆಗುತ್ತೆ. ಬಾನೆಟ್ ಒಳಗೆ ಇಲಿ ಸೇರಿ ವೈರ್ ಕಡಿಯುತ್ತೆ. ವಾರಕ್ಕೊಮ್ಮೆ ಬಾನೆಟ್ ತೆಗೆದು ನೋಡಿ, ಸ್ಟಾರ್ಟ್ ಮಾಡಿ, ಗಾಳಿ ನೋಡಿ, ಒಂದು ಗಜ ಮುಂದೆ ಹಿಂದೆ ಸರಿಸಬೇಕು. ಸ್ಟಾರ್ಟ್ ಮಾಡುವಾಗ ಶೆಡ್ ಬಾಗಿಲು ಪೂರ್ತಿ ತೆರೆದಿರಲಿ. ಮುಚ್ಚಿದ ಜಾಗದಲ್ಲಿ ಇಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿ ಜೀವ ತೆಗೆಯುತ್ತೆ, ಅದಕ್ಕೆ ವಾಸನೆಯೂ ಇರಲ್ಲ.

ಮತ್ತೆ ಕೀ. ನಮ್ಮಲ್ಲಿ ಒಂದು ಹಲಗೆ, ಪ್ರತಿ ಕೀಗೆ ಗಾಡಿ ನಂಬರ್ ಚೀಟಿ. ಗಾಡಿ ಗೇಟ್ ದಾಟಿದರೆ ಯಾರು, ಯಾಕೆ, ಎಷ್ಟು ಕಿಲೋಮೀಟರ್ ಅಂತ ಬರೆಯಲೇಬೇಕು. ಇದು ನಮ್ಮ ಶಿಸ್ತು ಮಾತ್ರ ಅಲ್ಲ. 2023ರ ಏಪ್ರಿಲ್ 1ರಿಂದ ಹಳೆ ಗಾಡಿ ಡೀಲರ್‌ಗಳಿಗೆ ಬಂದ ಕೇಂದ್ರದ ನಿಯಮದಲ್ಲೇ ಟ್ರಿಪ್ ರಿಜಿಸ್ಟರ್ ಇಡಬೇಕು ಅಂತಿದೆ, ಅದೂ ಕಂಪ್ಯೂಟರ್‌ನಲ್ಲಿ. ಟ್ರಯಲ್, ಸರ್ವಿಸ್, ಪೇಂಟಿಂಗ್ ಇಂಥ ಕೆಲಸಕ್ಕೆ ಬಿಟ್ಟರೆ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ಕೆಲಸಕ್ಕೆ ಬಂದವರಿಗೆ ಇದನ್ನು ಮೊದಲ ದಿನವೇ ಹೇಳಿ. 'ಅಣ್ಣ, ಊಟಕ್ಕೆ ಕಾರಲ್ಲಿ ಹೋಗಿ ಬರ್ತೀನಿ' ಅನ್ನೋ ಮಾತು ಆಮೇಲೆ ಬರಲ್ಲ.

ವಾಟರ್ ವಾಶ್ ಮತ್ತು ಸರ್ವಿಸ್, ರಾಯಚೂರು

ಬಳ್ಳಾರಿಯ ಅಣ್ಣ ಹೇಳಿದ್ದು ಎಲ್ಲಾ ಸರಿ. ನಾನು ಅವರು ಹೇಳದೆ ಬಿಟ್ಟದ್ದನ್ನು ಹೇಳುತ್ತೇನೆ. ಲಿಂಗಸುಗೂರು ರಸ್ತೆಯಲ್ಲಿ ನನ್ನ ಗಂಡ ಮತ್ತು ನಾನು ಸೇರಿ ವಾಟರ್ ವಾಶ್ ನಡೆಸುತ್ತೇವೆ. ಜನರನ್ನು ತಗೊಳ್ಳುವ ಮೊದಲು ನಿಮ್ಮ ಜಾಗ ಸರಿ ಇದೆಯಾ ನೋಡಿ.

ನಾಲ್ಕು ವರ್ಷದ ಹಿಂದೆ ನಮ್ಮಲ್ಲಿ ಒಬ್ಬರಿಗೆ ಪ್ರೆಶರ್ ಪಂಪ್‌ನಿಂದ ಶಾಕ್ ಹೊಡೆಯಿತು. ಬರಿಗಾಲು, ಕೆಳಗೆಲ್ಲ ನೀರು. ಕೇಬಲ್ ಒಂದು ಕಡೆ ಸವೆದಿತ್ತು, ನಾವು ಟೇಪ್ ಸುತ್ತಿ ಬಿಟ್ಟಿದ್ದೆವು. ಪಕ್ಕದಲ್ಲಿದ್ದವರು ಮೇನ್ ಆಫ್ ಮಾಡಿದರು, ಜೀವ ಉಳಿಯಿತು. ಅವತ್ತು ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಮರುದಿನವೇ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಹೊಸದಾಗಿ ಮಾಡಿಸಿ, ಪಂಪ್ ಲೈನಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದೆವು. ಕರೆಂಟ್ ಸ್ವಲ್ಪ ಸೋರಿದರೂ ಅದು ತಟ್ಟನೆ ಲೈನ್ ಬೀಳಿಸುತ್ತೆ. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ನಾನೇ ಒತ್ತಿ ನೋಡುತ್ತೇನೆ. ಗಮ್ ಬೂಟ್ ಇಲ್ಲದೆ ಯಾರೂ ಪೈಪ್ ಮುಟ್ಟುವಂತಿಲ್ಲ. ಅದಕ್ಕೆ ಆಗುವ ಖರ್ಚು ಒಂದು ಕಾರಿನ ಬಂಪರ್‌ಗಿಂತ ಜಾಸ್ತಿ ಅಲ್ಲ ಸರ್.

ಎರಡನೆಯದು ಬಿಸಿಲು. ನಮ್ಮಲ್ಲಿ ಏಪ್ರಿಲ್, ಮೇನಲ್ಲಿ 42 ಡಿಗ್ರಿ ದಾಟುವ ದಿನಗಳಿರುತ್ತವೆ. ನಡು ಮಧ್ಯಾಹ್ನ ಬಯಲಲ್ಲಿ ಗಾಡಿ ತೊಳೆಸಿದರೆ ಮನುಷ್ಯನೂ ಸೋಲುತ್ತಾನೆ, ಗಾಡಿಯೂ ಹಾಳು. ನಮ್ಮ ಬೋರ್ ನೀರು ಗಡುಸು. ಕಾದ ಬಾನೆಟ್ ಮೇಲೆ ಬಿದ್ದರೆ ಒರೆಸುವ ಮೊದಲೇ ಆರಿ ಬಿಳಿ ಕಲೆ ಕೂರುತ್ತೆ, ಗಾಜಿನ ಮೇಲಂತೂ ಹೋಗುವುದೇ ಇಲ್ಲ. ಬೇಸಿಗೆಯಲ್ಲಿ ನಾವು ಬೆಳಿಗ್ಗೆ ಆರೂವರೆಯಿಂದ ಹತ್ತೂವರೆವರೆಗೆ ತೊಳೆಯುತ್ತೇವೆ. ಮಧ್ಯಾಹ್ನ ಶೆಡ್ ಒಳಗೆ ವ್ಯಾಕ್ಯೂಮ್, ಸೀಟು, ಡ್ಯಾಶ್‌ಬೋರ್ಡ್. ಮತ್ತೆ ಸಂಜೆ ನೀರು. ಹೀಗೆ ಮಾಡಿದ ಮೇಲೆ ಬೇಸಿಗೆಯಲ್ಲಿ ಬಿಟ್ಟು ಹೋಗುವವರು ಕಡಿಮೆಯಾದರು.

ಮಳೆಗಾಲದಲ್ಲಿ ಎರೆ ಮಣ್ಣು ಮೆತ್ತಿಕೊಂಡ ಗಾಡಿ ಬಂದರೆ ಮಡ್‌ಗಾರ್ಡ್ ಒಳಗೆ ಮೊದಲು ನೀರು ಬಿಟ್ಟು ನೆನೆಯಲು ಬಿಡಬೇಕು. ಗಡಿಬಿಡಿಯಲ್ಲಿ ಕಂಬಿ ಹಾಕಿ ಕೆರೆಯುವವರು ಬೇಡ. ಪ್ರೆಶರ್ ಗನ್ ಬಾಡಿಯಿಂದ ಒಂದು ಮೊಳವಾದರೂ ದೂರ ಇರಲಿ. ಇಂಜಿನ್ ಮೇಲೆ, ಫ್ಯೂಸ್ ಬಾಕ್ಸ್, ಆಲ್ಟರ್ನೇಟರ್ ಮೇಲೆ ನೇರ ಹೊಡೆಯಬಾರದು. ಪೆಡಲ್‌ಗೆ, ಸ್ಟೇರಿಂಗ್‌ಗೆ ಪಾಲಿಶ್ ಹಚ್ಚಬಾರದು, ಜಾರುತ್ತೆ. ಇದೆಲ್ಲ ಕಲಿಸಿದರೆ ಒಂದು ವಾರದಲ್ಲಿ ಬರುತ್ತೆ. ಗೊತ್ತಿಲ್ಲ ಅಂತ ಯಾರನ್ನೂ ವಾಪಸ್ ಕಳಿಸಬೇಡಿ. ಕೇಳಿಸಿಕೊಳ್ಳುತ್ತಾರಾ ಅನ್ನೋದಷ್ಟೇ ನೋಡಿ.

ಈ ಕೆಲಸ ಮಾಡಿದವರು, ಗಂಗಾವತಿ

ಸರ್, ಇಲ್ಲಿ ಮಾಲೀಕರೇ ಮಾತಾಡುತ್ತಿದ್ದೀರಿ. ನಾನು ಆರು ವರ್ಷ ಗಾಡಿ ತೊಳೆದವನು. ಈಗ ಬೇರೆ ಕೆಲಸದಲ್ಲಿದ್ದೇನೆ. ನಾವು ಯಾಕೆ ಬಿಡುತ್ತೇವೆ ಅಂತ ನೇರವಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ.

ಕೆಲಸ ಕಷ್ಟ ಅಂತ ಬಿಡುವುದಿಲ್ಲ. ಗದ್ದೆಯಲ್ಲಿ ನಾಟಿ ಮಾಡಿದವರಿಗೆ ಇದೇನು ಕಷ್ಟ? ನಾನು ಮೊದಲಿದ್ದ ಕಡೆ ಒಂದು ಕಾರಿನ ಕನ್ನಡಿ ಒಡೆಯಿತು. ಎರಡು ತಿಂಗಳು ಸಂಬಳದಲ್ಲಿ ಹಿಡಿದರು. ಎಷ್ಟು ಹಿಡಿದರು, ಕನ್ನಡಿಗೆ ಎಷ್ಟಾಯಿತು, ಒಂದು ಚೀಟಿ ಕೂಡ ತೋರಿಸಲಿಲ್ಲ. ನಾನು ಬಿಟ್ಟೆ. ಇನ್ನೊಂದು ಕಡೆ ಸಂಬಳಕ್ಕೆ ತಾರೀಕೇ ಇರಲಿಲ್ಲ. ಐದಕ್ಕೆ ಅಂದವರು ಹದಿನೆಂಟಕ್ಕೆ ಕೊಡುತ್ತಿದ್ದರು. ಮನೆ ಬಾಡಿಗೆ ಹದಿನೆಂಟಕ್ಕೆ ಕಾಯುತ್ತಾ?

ಅಡ್ವಾನ್ಸ್ ವಿಷಯ. ದಸರಾ, ಯುಗಾದಿ, ಹುಲಿಗೆಮ್ಮನ ಜಾತ್ರೆಗೆ ಎಲ್ಲರಿಗೂ ದುಡ್ಡು ಬೇಕೇ ಬೇಕು. ಒಮ್ಮೆಲೇ ದೊಡ್ಡ ಮೊತ್ತ ಕೊಟ್ಟರೆ ತೀರಿಸುವ ದಾರಿ ಕಾಣದೆ ವಾಪಸ್ ಬರಲು ಹೆದರಿಕೆ ಆಗುತ್ತೆ. ಒಂದು ವಾರದ ಸಂಬಳದಷ್ಟು ಕೊಡಿ, ತಿಂಗಳಿಗೆ ಇಷ್ಟು ಕಡಿಯುತ್ತೇನೆ ಅಂತ ಇಬ್ಬರೂ ಸಹಿ ಹಾಕಿ. ಆಯುಧ ಪೂಜೆ ಹಿಂದಿನ ವಾರ ಗಾಡಿ ತೊಳೆಯುವವರಿಗೆ ಉಸಿರಾಡಲೂ ಪುರುಸೊತ್ತು ಇರಲ್ಲ. ಆ ವಾರದ ಓವರ್‌ಟೈಮ್ ಬೇರೆ ಬರೆದು ಕೊಟ್ಟರೆ ಅಡ್ವಾನ್ಸ್ ಕೇಳುವುದೇ ಕಡಿಮೆಯಾಗುತ್ತೆ.

ಇನ್ನೊಂದು. ಬ್ಯಾಂಕ್ ಖಾತೆ ಇದ್ದರೆ ವರ್ಷಕ್ಕೆ 20 ರೂಪಾಯಿಗೆ ಪ್ರಧಾನಮಂತ್ರಿ ಸುರಕ್ಷಾ ವಿಮೆ ಇದೆ. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ ಬರುತ್ತೆ. ನನಗೆ ಯಾವ ಮಾಲೀಕರೂ ಹೇಳಲಿಲ್ಲ, ಬ್ಯಾಂಕಿನಲ್ಲಿ ಒಬ್ಬರು ಹೇಳಿದರು. ನೀವು ಮೊದಲ ತಿಂಗಳೇ ಜೊತೆಗೆ ಹೋಗಿ ಮಾಡಿಸಿ. ಅದೇ ದಿನ ಸಂಬಳ ಖಾತೆಗೆ ಹಾಕುವ ವ್ಯವಸ್ಥೆಯೂ ಆಗುತ್ತೆ.

ಕೇಳಿದವರು, ಬಳ್ಳಾರಿ

ಎಲ್ಲರಿಗೂ ತುಂಬ ಧನ್ಯವಾದ. ಗಂಗಾವತಿಯ ತಮ್ಮ ಬರೆದದ್ದನ್ನು ಎರಡು ಸಲ ಓದಿದೆ. ಇನ್ನೊಂದು ಪ್ರಶ್ನೆ. ನಿನ್ನೆ ಒಬ್ಬ ಹುಡುಗ ಬಂದಿದ್ದ. ಕೈ ಚೆನ್ನಾಗಿದೆ, ಗಾಡಿಯನ್ನೂ ಚೆನ್ನಾಗಿ ತೆಗೆಯುತ್ತಾನೆ. ವಯಸ್ಸು 17, ಇನ್ನು ಐದು ತಿಂಗಳಿಗೆ 18 ತುಂಬುತ್ತೆ. ಯಾರ್ಡ್ ಒಳಗೆ ಮಾತ್ರ ಓಡಿಸಿದರೆ ಪರವಾಗಿಲ್ಲವಾ?

ಹಳೆ ಕಾರುಗಳ ವ್ಯಾಪಾರಿ, ಬಳ್ಳಾರಿ

ಬೇಡವೇ ಬೇಡ ಸರ್. ಇವತ್ತು ಯಾರ್ಡ್ ಒಳಗೆ ಅಂತೀರಿ, ನಾಳೆ ಗೇಟ್ ಹೊರಗೆ ತಿರುಗಿಸಿಕೊಂಡು ಬಾ ಅಂತ ನೀವೇ ಹೇಳುತ್ತೀರಿ. 18 ತುಂಬದವರು ರಸ್ತೆಯಲ್ಲಿ ಗಾಡಿ ಓಡಿಸಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿ ಪ್ರಕಾರ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, 12 ತಿಂಗಳು ಗಾಡಿಯ ನೋಂದಣಿ ರದ್ದು. ನಮ್ಮ ವ್ಯಾಪಾರದಲ್ಲಿ ಎಷ್ಟೋ ಗಾಡಿಗಳ ಆರ್‌ಸಿ ಇನ್ನೂ ಮಾರಿದವರ ಹೆಸರಿನಲ್ಲೇ ಇರುತ್ತೆ. ನಂಬಿ ಕೀ ಕೊಟ್ಟು ಹೋದವರ ಮನೆಗೆ ನೋಟಿಸ್ ಹೋಗಬಾರದಲ್ವಾ? ದೊಡ್ಡವರೇ ಆದರೂ ಲೈಸೆನ್ಸ್ ಇಲ್ಲದವರಿಗೆ ಗಾಡಿ ಕೊಟ್ಟರೆ ಕೊಟ್ಟವರಿಗೂ 5,000 ದಂಡ ಇದೆ. ಲೈಸೆನ್ಸ್ ನಂಬರ್, ಹುಟ್ಟಿದ ತಾರೀಕು ಹಾಕಿದರೆ ಪರಿವಾಹನ್ ವೆಬ್‌ಸೈಟ್‌ನಲ್ಲಿ ಅಸಲಿಯೋ ಅಲ್ಲವೋ ಗೊತ್ತಾಗುತ್ತೆ, ನೋಡಿಯೇ ತಗೊಳ್ಳಿ.

ಆ ಹುಡುಗನಿಗೆ ಐದು ತಿಂಗಳ ನಂತರ ಬಾ ಅಂತ ಪ್ರೀತಿಯಿಂದ ಹೇಳಿ ಕಳಿಸಿ. ನನ್ನ ಕೇಳಿದರೆ, ಬಂಪರ್ ತಾಗಿಸಿದ ಆ ಮೂರನೆಯವನನ್ನೇ ಒಮ್ಮೆ ಮಾತಾಡಿಸಿ ನೋಡಿ. ಒಳ್ಳೆಯ ಕೆಲಸಗಾರ ಅಂತ ನೀವೇ ಬರೆದಿದ್ದೀರಿ.

ಕೇಳಿದವರು, ಬಳ್ಳಾರಿ

ಫೋನ್ ಮಾಡಿದೆ ಸರ್. ಮೊದಲ ಎರಡು ಸಲ ಎತ್ತಲಿಲ್ಲ, ಮೂರನೇ ಸಲ ಎತ್ತಿದ. ಬೈದದ್ದು ನನ್ನ ತಪ್ಪು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಬಂಪರ್ ದುಡ್ಡು ಸಂಬಳದಲ್ಲಿ ಹಿಡಿತೀರೇನ್ರಿ?' ಅಂತ ಕೇಳಿದ. ಇಲ್ಲ ಅಂದೆ. ಲೈಸೆನ್ಸ್ ಇದೆಯಾ ಅಂತ ಇಷ್ಟು ದಿನ ನಾನು ಕೇಳಿರಲೇ ಇಲ್ಲ, ಇಲ್ಲವಂತೆ. ವಯಸ್ಸು 24. ಎಲ್‌ಎಲ್‌ಆರ್ ನಾನೇ ಮಾಡಿಸುತ್ತೇನೆ, 30 ದಿನ ಆದ ಮೇಲೆ ಟೆಸ್ಟ್ ಕೊಡಬಹುದು, ಅಲ್ಲಿಯವರೆಗೆ ಗಾಡಿ ತೆಗೆಯುವುದು ನಾನು ಮತ್ತು ತಮ್ಮ, ನೀನು ಬರೀ ತೊಳೆಯುವುದು ನೋಡಿಕೋ ಅಂದಿದ್ದೇನೆ. ಸೋಮವಾರ ಬರುತ್ತಾನಂತೆ. ಎಲೆಕ್ಟ್ರಿಷಿಯನ್‌ಗೆ ಭಾನುವಾರವೇ ಬರಲು ಹೇಳಿದ್ದೇನೆ.