ಉಯಿಲಿನ ಸಹಿಯ ಬಗ್ಗೆ ತಜ್ಞರ ವರದಿ ನಮ್ಮ ಪರವಾಗಿದ್ದರೆ ಅದೊಂದೇ ಸಾಕೇ?

ಪ್ರಶ್ನೆ:
ತಂದೆಯವರ ಸ್ವಯಾರ್ಜಿತ ಜಮೀನಿನಲ್ಲಿ ಪಾಲು ಕೇಳಿ ನಾನು 2021ರಲ್ಲಿ ದಾವೆ ಹೂಡಿದ್ದೇನೆ. ಅಷ್ಟೂ ಜಮೀನು ತನಗೇ ಸೇರಬೇಕೆಂದು ಅಣ್ಣ ನೋಂದಾಯಿತ ಉಯಿಲೊಂದನ್ನು ಹಾಜರುಪಡಿಸಿದ್ದಾನೆ. ಅದರ ಮೇಲಿನ ಸಹಿ ತಂದೆಯವರದಲ್ಲ ಎಂದು ನ್ಯಾಯಾಲಯ ನೇಮಿಸಿದ ಕೈಬರಹ ತಜ್ಞರು ವರದಿ ಕೊಟ್ಟಿದ್ದಾರೆ. ಈಗ ಅಣ್ಣನ ಕಡೆಯವರು ಆಕ್ಷೇಪಣೆ ಸಲ್ಲಿಸಿ, ತಂದೆಯವರ ಚೆಕ್ಕುಗಳನ್ನು ವರ್ಷಗಟ್ಟಲೆ ನೋಡಿದ್ದ ನಿವೃತ್ತ ಬ್ಯಾಂಕ್ ಗುಮಾಸ್ತರೊಬ್ಬರನ್ನು ಸಾಕ್ಷಿಯಾಗಿ ಕರೆಸುವುದಾಗಿ ಹೇಳುತ್ತಿದ್ದಾರೆ. ತಜ್ಞರ ವರದಿಯ ಎದುರು ಗುಮಾಸ್ತರ ಮಾತಿಗೆ ಬೆಲೆ ಇದೆಯೇ? ಉಯಿಲಿನ ಕಾಲಕ್ಕೆ ತಂದೆಯವರಿಗೆ ಪಾರ್ಶ್ವವಾಯು ಆಗಿತ್ತು. ತಜ್ಞರು ಹೋಲಿಸಿದ್ದು ಅದಕ್ಕೂ ಬಹಳ ಹಿಂದಿನ ಸಾಲಪತ್ರಗಳ ಸಹಿಗಳನ್ನು.

ಉತ್ತರ 1 (ಸಿವಿಲ್ ವಕೀಲರು):
ಬೆಲೆ ಇದೆ. ನಿಮ್ಮದು ಹೊಸ ಸಾಕ್ಷ್ಯ ಕಾನೂನು ಜಾರಿಗೆ ಬಂದ 2024ರ ಜುಲೈ 1ಕ್ಕಿಂತ ಮೊದಲೇ ಹೂಡಿದ ದಾವೆಯಾದ್ದರಿಂದ 1872ರ ಸಾಕ್ಷ್ಯ ಅಧಿನಿಯಮವೇ ಅನ್ವಯಿಸುತ್ತದೆ. ಅದರ 45ನೇ ಕಲಂ ತಜ್ಞರ ಅಭಿಪ್ರಾಯವನ್ನು ಒಪ್ಪುವಂತೆಯೇ, 47ನೇ ಕಲಂ ಒಬ್ಬರ ಕೈಬರಹದ ಪರಿಚಯವಿರುವವರ ಅಭಿಪ್ರಾಯವನ್ನೂ ಒಪ್ಪುತ್ತದೆ. ಕೆಲಸದ ನಿಮಿತ್ತ ಆ ವ್ಯಕ್ತಿಯ ಕಾಗದಪತ್ರಗಳನ್ನು ವಾಡಿಕೆಯಾಗಿ ನೋಡುತ್ತಿದ್ದವರೂ ಅದರಲ್ಲಿ ಸೇರುತ್ತಾರೆ. ಇವೆರಡೂ ಅಭಿಪ್ರಾಯಗಳೇ ಹೊರತು ತೀರ್ಪುಗಳಲ್ಲ.

1980ರಲ್ಲಿ ವರದಿಯಾದ ಮುರಾರಿ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬೇರೆ ಸಾಕ್ಷ್ಯದ ಬೆಂಬಲವಿಲ್ಲದೆ ಕೈಬರಹ ತಜ್ಞರ ಅಭಿಪ್ರಾಯವನ್ನು ನಂಬಲೇಬಾರದೆಂಬ ನಿಯಮವಿಲ್ಲವೆಂದೂ, ಆದರೆ ಬೆರಳಚ್ಚಿನ ಶಾಸ್ತ್ರದಷ್ಟು ಇದು ನಿಖರವಲ್ಲದ ಕಾರಣ ಎಚ್ಚರದಿಂದ ಪರಿಶೀಲಿಸಬೇಕೆಂದೂ ಹೇಳಿತು. ಆದ್ದರಿಂದ ನಿಮ್ಮ ವರದಿಯ ಕೊನೆಯ ಸಾಲಿಗಿಂತ ಅದರಲ್ಲಿ ಕೊಟ್ಟಿರುವ ಕಾರಣಗಳನ್ನು ಮೊದಲು ಓದಿ. ಎಷ್ಟು ಒಪ್ಪಿತ (ತಂದೆಯವರದೇ ಎಂದು ವಿವಾದವಿಲ್ಲದ) ಸಹಿಗಳನ್ನು ನೋಡಿದರು, ಅವು ಮೂಲ ಪ್ರತಿಗಳೇ ಅಥವಾ ಜೆರಾಕ್ಸ್ ಪ್ರತಿಗಳೇ, ಅಕ್ಷರ ತಿರುಗುವಲ್ಲಿ ಲೇಖನಿ ಎಲ್ಲಿ ಎತ್ತಲ್ಪಟ್ಟಿದೆ, ಎಲ್ಲಿ ಒತ್ತಡ ಬದಲಾಗಿದೆ ಎಂಬುದನ್ನು ದೊಡ್ಡದು ಮಾಡಿದ ಚಿತ್ರಗಳೊಂದಿಗೆ ತೋರಿಸಿದ್ದಾರೆಯೇ? ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದಂತೆ ಕಮಿಷನರ, ಅಂದರೆ ನ್ಯಾಯಾಲಯ ಹೀಗೆ ನೇಮಿಸಿದ ತಜ್ಞರ, ವರದಿ ಕಡತದ ಸಾಕ್ಷ್ಯವಾಗುತ್ತದೆ, ನಿಜ. ಆದರೆ ನ್ಯಾಯಾಲಯದ ಅನುಮತಿ ಪಡೆದು ಅವರನ್ನು ವಿಚಾರಣೆಗೆ ಕರೆಸಲು ಎದುರು ಪಕ್ಷಕ್ಕೂ ಅವಕಾಶವಿದೆ. ಪಾಟೀ ಸವಾಲಿನ ಮೊದಲ ಪ್ರಶ್ನೆಯೇ ಪಾರ್ಶ್ವವಾಯುವಿನದಾಗಿರುತ್ತದೆ. ಕಾಯಿಲೆಯ ನಂತರದ, ಉಯಿಲಿನ ಕಾಲಕ್ಕೆ ಹತ್ತಿರದ ಸಹಿ ಪಿಂಚಣಿಯ ಅಥವಾ ಆಸ್ಪತ್ರೆಯ ಕಾಗದಗಳಲ್ಲಿ ಸಿಗುವುದೇ ಎಂದು ಈಗಲೇ ಹುಡುಕಿ.

ಉತ್ತರ 2:
ಮೇಲಿನವರ ಮಾತು ಸರಿ. ಆದರೂ ಸಹಿಯ ಜಗಳದಲ್ಲೇ ಇಡೀ ದಾವೆ ಸಿಕ್ಕಿಕೊಳ್ಳಲು ಬಿಡಬೇಡಿ. ಉಯಿಲನ್ನು ರುಜುವಾತುಪಡಿಸುವ ಹೊಣೆ ಅದನ್ನು ಮುಂದಿಟ್ಟ ನಿಮ್ಮ ಅಣ್ಣನ ಮೇಲಿದೆ. ದೃಢೀಕರಣ ಸಾಕ್ಷಿ (ಉಯಿಲಿಗೆ ಸಾಕ್ಷಿಯಾಗಿ ಸಹಿ ಹಾಕಿದವರು) ಬದುಕಿದ್ದು ಹಾಜರಾಗಲು ಶಕ್ತರಾಗಿದ್ದರೆ ಕನಿಷ್ಠ ಒಬ್ಬರನ್ನಾದರೂ ಸಾಕ್ಷ್ಯ ಅಧಿನಿಯಮದ 68ನೇ ಕಲಮಿನಂತೆ ವಿಚಾರಿಸಲೇಬೇಕು, ಉಯಿಲು ನೋಂದಣಿಯಾಗಿದೆ ಎಂಬ ಕಾರಣಕ್ಕೆ ಅದರಿಂದ ವಿನಾಯಿತಿ ಇಲ್ಲ. ನಮ್ಮ ನಾಡಿನಿಂದಲೇ ಸುಪ್ರೀಂ ಕೋರ್ಟಿಗೆ ಹೋದ ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಾಜಮ್ಮ ಪ್ರಕರಣದ 1959ರ ವರದಿಯನ್ನು ನಿಮ್ಮ ವಕೀಲರೊಂದಿಗೆ ಕುಳಿತು ಓದಿ. ಉಯಿಲು ಸಿದ್ಧಪಡಿಸುವುದರಲ್ಲಿ ಮುಂದೆ ನಿಂತವನೇ ಅದರಿಂದ ಹೆಚ್ಚಿನ ಲಾಭ ಪಡೆದಿದ್ದರೆ ಅದು ಅನುಮಾನಾಸ್ಪದ ಸಂದರ್ಭವೆಂದೂ, ಆ ಅನುಮಾನ ನಿವಾರಿಸುವ ಹೊಣೆ ಅವನದೇ ಎಂದೂ ಅಲ್ಲಿ ಹೇಳಿದೆ. ಪತ್ರ ಬರಹಗಾರರಿಗೆ ವಿವರ ಹೇಳಿದವರು ಯಾರು, ತಂದೆಯವರನ್ನು ಕಚೇರಿಗೆ ಕರೆದೊಯ್ದವರು ಯಾರು ಎಂಬ ಪ್ರಶ್ನೆಗಳಿಗೆ ಯಾವ ತಜ್ಞರೂ ಉತ್ತರ ಕೊಡಲಾರರು.

ಉತ್ತರ 3:
ಒಂದು ವಿಷಯ ಯಾರೂ ಎತ್ತಲಿಲ್ಲ. ತಂದೆಯವರೇ ನೋಂದಣಿಗೆ ಹಾಜರಾಗಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅವರ ಹೆಬ್ಬೆರಳಿನ ಗುರುತನ್ನೂ ಪಡೆದಿರುತ್ತಾರೆ. ಅವರು ಹಿಂದೆ ಮಾಡಿದ ಯಾವುದಾದರೂ ಕ್ರಯಪತ್ರದ ನೋಂದಣಿಯಲ್ಲಿ ವಿವಾದವಿಲ್ಲದ ಗುರುತು ಇದ್ದರೆ, ಎರಡನ್ನೂ ಬೆರಳಚ್ಚು ತಜ್ಞರಿಗೆ ಕಳುಹಿಸುವಂತೆ ಅರ್ಜಿ ಹಾಕಬಹುದು. ಪಾರ್ಶ್ವವಾಯು ಕೈಬರಹವನ್ನು ಬದಲಿಸುತ್ತದೆ, ಬೆರಳಿನ ರೇಖೆಗಳನ್ನು ಬದಲಿಸುವುದಿಲ್ಲ. ಆದರೆ ಗುರುತು ತಂದೆಯವರದೇ ಎಂದು ಬಂದರೆ ಈಗಿನ ವರದಿಯ ಬಲವೂ ಕುಸಿಯುತ್ತದೆ. ಆದ್ದರಿಂದ ನಿಮ್ಮ ವಕೀಲರೊಂದಿಗೆ ಚೆನ್ನಾಗಿ ಯೋಚಿಸಿ, ಸಾಕ್ಷ್ಯ ಮುಕ್ತಾಯವಾಗುವ ಮೊದಲೇ ನಿರ್ಧರಿಸಿ.